ಚಿಣ್ಣಿಸು

ಅಮ್ಮ ಕೆಲಸದಿಂದ ಬಂದದ್ದು ಮೊದಲು ನನ್ನ ಮೂಗಿಗೆ ಗೊತ್ತಾಗುತ್ತಿತ್ತು. ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ಕೇಳುವ ಮುಂಚೆಯೇ ಕುದಿಸಿದ ಹಣ್ಣಿನ ವಾಸನೆ ಬಾಗಿಲ ಸಂದಿಯಿಂದ ಒಳಗೆ ನುಸುಳುತ್ತಿತ್ತು. ಸಕ್ಕರೆ ಪಾಕದ ಸಿಹಿ, ಅದರೊಳಗೆ ತಳ ಹಿಡಿದ ಪಾತ್ರೆಯ ಸಣ್ಣ ಕಮರು, ಎಲ್ಲಕ್ಕಿಂತ ಅಡಿಯಲ್ಲಿ ಒದ್ದೆ ಎಲೆಯ ಹಸಿ ವಾಸನೆ. ಸೋಪು ಹಾಕಿ ಎಷ್ಟು ಉಜ್ಜಿಕೊಂಡರೂ ಅದು ಅವಳ ಮೊಣಕೈಯವರೆಗೆ ಉಳಿದೇ ಇರುತ್ತಿತ್ತು. ಅವಳ ತೋಳಿನ ಮೇಲೆ ತಲೆಯಿಟ್ಟು ಮಲಗಿದರೆ ನನಗೆ ಜಾಮ್ ಬಾಟಲಿಯೊಳಗೆ ಮಲಗಿದ ಹಾಗೆ ಅನ್ನಿಸುತ್ತಿತ್ತು.

ಊರಾಚೆಯ ಜಾಮ್ ಕಾರ್ಖಾನೆಯಲ್ಲಿ ಅಮ್ಮ ಹಣ್ಣು ಬಿಡಿಸುವವರ ಸಾಲಿನಲ್ಲಿದ್ದಳು. ಕಾರ್ಖಾನೆಯ ಹಿಂದಿನ ಇಳಿಜಾರಿನ ತುಂಬ ಮುಳ್ಳುಪೊದೆಗಳು. ಅವುಗಳಲ್ಲಿ ಬೆರಳ ತುದಿಯಷ್ಟು ಗಾತ್ರದ ಹಣ್ಣು. ಅರ್ಧ ಮಾಗಿದಾಗ ಕೆಂಪು, ಪೂರ್ತಿ ಮಾಗಿದಾಗ ಕಪ್ಪು. ಹೆಂಗಸರು ಸೊಂಟಕ್ಕೆ ಏಪ್ರನ್ ಕಟ್ಟಿಕೊಂಡು, ಹಣ್ಣು ಬಿಡಿಸಿ ಮೊದಲು ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ಜೇಬು ತುಂಬಿದ ಮೇಲೆ ದಾರಿಯಲ್ಲಿ ಸಾಲಾಗಿಟ್ಟಿದ್ದ ತಮ್ಮ ತಮ್ಮ ಬುಟ್ಟಿಗೆ ಸುರಿದು ಬರುತ್ತಿದ್ದರು. ಸಂಜೆ ಬುಟ್ಟಿಗಳು ತಕ್ಕಡಿಗೆ ಹೋಗುತ್ತಿದ್ದವು. ಹಣ್ಣಿನ ಕಾಲ ಮುಗಿದ ಮೇಲೆ ಅದೇ ಹೆಂಗಸರು ಒಳಗೆ ಒಲೆಗಳ ಮುಂದೆ.

ಇಷ್ಟೆಲ್ಲ ಮುಳ್ಳಿನಲ್ಲಿ ಕೈ ಹಾಕಿದವಳು ರಜೆಯ ದಿನ ಸುಮ್ಮನೆ ಕೂರಬೇಕಲ್ಲ? ಕೂರುತ್ತಿರಲಿಲ್ಲ. ರೈಲು ಹಳಿಯ ಪಕ್ಕದಲ್ಲಿ ಯಾರೂ ನೆಡದ ಪೊದೆಗಳಿದ್ದವು. ಒಂದು ಡಬ್ಬಿ ತೆಗೆದುಕೊಂಡು, "ಬಾರೇ, ಸ್ವಲ್ಪ ಚಿಣ್ಣಿಸ್ಕೊಂಡು ಬರೋಣ" ಎನ್ನುತ್ತಿದ್ದಳು.

ಚಿಣ್ಣಿಸು. ಪೊದೆಯ ಹಣ್ಣು ಬಿಡಿಸಿ ಕೂಡಿಸುವುದಕ್ಕೆ ನಮ್ಮ ಮನೆಯಲ್ಲಿದ್ದ ಮಾತು ಇದು. ಇಡೀ ಲೋಕದಲ್ಲಿ ಎಲ್ಲರೂ ಹೀಗೇ ಹೇಳುತ್ತಾರೆಂದು ನಾನು ತಿಳಿದಿದ್ದೆ. ಶಾಲೆಯಲ್ಲಿ ಪ್ರಬಂಧ ಬರೆದಾಗ ಟೀಚರು ಅದರ ಕೆಳಗೆ ಕೆಂಪು ಗೆರೆ ಎಳೆದು, 'ಇಂಥ ಪದ ಇಲ್ಲ' ಎಂದು ಬರೆದರು. ಅಳುಮುಖ ಮಾಡಿಕೊಂಡು ಅಮ್ಮನಿಗೆ ತೋರಿಸಿದೆ.

"ಪದಾನೇ ಇಲ್ವಂತಾ?" ಅಮ್ಮ ನಕ್ಕಳು. "ಹಾಗಾದ್ರೆ ನಿನ್ನೆ ತಿಂದ ಹಣ್ಣು ಎಲ್ಲಿಂದ ಬಂತು ಅಂತ ಕೇಳು ನಿಮ್ಮ ಟೀಚರನ್ನ."

ಕೇಳಲಿಲ್ಲ. ಆದರೆ ಆ ಕೆಂಪು ಗೆರೆ ನನ್ನೊಳಗೆ ಉಳಿಯಿತು ಎನ್ನಬೇಕು. ಕಾಲೇಜು ಮುಗಿಸಿದವಳು ಸೀದಾ ಹೋಗಿ ಸೇರಿದ್ದು ನಿಘಂಟು ತಯಾರಿಸುವ ಆಫೀಸಿಗೆ.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು ನಮ್ಮ ಆಫೀಸು. ಕೆಳಗೆ ಪಂಪು ಉಸ್ಸೆನ್ನುತ್ತಿದ್ದರೆ ಮೇಲೆ ನಾವು ಪದಗಳ ಅರ್ಥ ಬರೆಯುತ್ತಿದ್ದೆವು. ಗೋಡೆಗಳ ಉದ್ದಕ್ಕೂ ಮರದ ಖಾನೆಗಳು, ಖಾನೆಗಳ ತುಂಬ ಚೀಟಿಗಳು. ಫ್ಯಾನು ಹಾಕಿದರೆ ಚೀಟಿಗಳು ಹಾರುತ್ತವೆ, ಹಾಕದಿದ್ದರೆ ಬೆವರು ಚೀಟಿಯ ಮೇಲೆ ಬೀಳುತ್ತದೆ. ಪ್ರಧಾನ ಸಂಪಾದಕರನ್ನು ನಾವೆಲ್ಲ ಮೇಷ್ಟ್ರು ಎಂದೇ ಕರೆಯುತ್ತಿದ್ದೆವು. ಒಣಕಲು ಮೈಯ, ಮೆಲುದನಿಯ ಮನುಷ್ಯ. ಬೇಸಿಗೆಯಲ್ಲಿ ಫ್ಯಾನಿನ ಕೆಳಗಿನ ಜಾಗವನ್ನು ನಮಗೆ ಬಿಟ್ಟು, "ನನಗೆ ಶೀತ ಆಗುತ್ತಮ್ಮ" ಎಂದು ಮೂಲೆಯಲ್ಲಿ ಕೂರುತ್ತಿದ್ದರು. ಅವರಿಗೆ ಶೀತವಾದದ್ದನ್ನು ನಾನಂತೂ ನೋಡಲಿಲ್ಲ.

ಮೇಷ್ಟ್ರದು ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಪುಸ್ತಕಗಳಲ್ಲಿ ಸಿಗದ, ಬರೀ ಬಾಯಿಮಾತಿನ ಪದವಾದರೆ, ಅದನ್ನು ಸಂಬಂಧವಿಲ್ಲದ ಎರಡು ಮನೆಗಳಲ್ಲಿ ಆಡಿದ್ದಾರೆಂದು ಗೊತ್ತಾಗಬೇಕು. ಒಂದೇ ಮನೆಯಾದರೆ ಅದು ಆ ಮನೆಯ ಮುದ್ದುಮಾತು, ಎರಡಾದರೆ ಭಾಷೆ. ಒಂದೇ ಮನೆಯ ಪದಗಳೆಲ್ಲ ಹಳೆಯ ಬಿಸ್ಕತ್ತಿನ ಡಬ್ಬಿಯೊಂದಕ್ಕೆ ಹೋಗುತ್ತಿದ್ದವು. ಅಲ್ಲಿಂದ ಎದ್ದು ಬಂದ ಪದ ಅಪರೂಪ.

ಸೇರಿದ ಹೊಸದರಲ್ಲೇ ನಾನು 'ಚಿಣ್ಣಿಸು' ಎಂದು ಚೀಟಿ ಬರೆದು ಇಟ್ಟಿದ್ದೆ. ಅದು ವರ್ಷಗಟ್ಟಲೆ ಡಬ್ಬಿಯಲ್ಲೇ ಇತ್ತು. ಅಷ್ಟರಲ್ಲಿ ಅಮ್ಮ ತೀರಿಕೊಂಡಳು. 'ಚ' ಸಂಪುಟ ಅಚ್ಚಿಗೆ ಹೋಗುವ ಕಾಲ ಬಂದಾಗ ಮೇಷ್ಟ್ರು ಡಬ್ಬಿಯನ್ನು ಮೇಜಿನ ಮೇಲೆ ಕವುಚಿ ಕೊನೆಯ ಸಲ ಆರಿಸತೊಡಗಿದರು. ನನ್ನ ಚೀಟಿ ಅವರ ಕೈಗೆ ಬಂತು.

"ಒಳ್ಳೇ ಪದ ಕಣಮ್ಮಾ. ನೋಡು, ಹೂವಾದರೆ ಬಿಡಿಸ್ತೀವಿ, ಕುಡುಗೋಲು ಹಿಡಿದರೆ ಕೊಯ್ತೀವಿ, ನೆಲಕ್ಕೆ ಬಿದ್ದದ್ದನ್ನ ಹೆಕ್ತೀವಿ, ಕಾಳಲ್ಲಿ ಕಲ್ಲಿದ್ರೆ ಆಯ್ತೀವಿ. ಮುಳ್ಳು ತಪ್ಪಿಸಿ ಒಂದೊಂದೇ ಹಣ್ಣು ಕೂಡಿಸೋದಕ್ಕೆ ಅಂತಲೇ ಒಂದು ಪದ ಇರಲಿಲ್ಲ." ಚೀಟಿಯನ್ನು ಬೆಳಕಿಗೆ ಹಿಡಿದರು. "ಮೂಲ 'ಚಿಣ್ಣ' ಇರಬಹುದು. ಪುಟ್ಟ ಮಕ್ಕಳ ಕೈಗೆ ನಿಲುಕುವ ಹಣ್ಣಲ್ವಾ? ಅಥವಾ 'ಜಿನುಗು'. ಹಿಚುಕಿದರೆ ರಸ ಜಿನುಗುತ್ತೆ."

ಮೇಷ್ಟ್ರಿಗೆ ಪದದ ಮೂಲ ಹುಡುಕುವುದೆಂದರೆ ಮಗುವಿಗೆ ಮಿಠಾಯಿ ಕೊಟ್ಟ ಹಾಗೆ. ಆದರೆ ಮಿಠಾಯಿ ಚೀಪಿ ಮುಗಿಸಿದ ಮೇಲೆ ಚೀಟಿಯನ್ನು ಮತ್ತೆ ಡಬ್ಬಿಯ ಕಡೆಗೇ ಸರಿಸಿದರು. "ಆದರೆ ಒಂದೇ ಮನೆ."

"ಇನ್ನೊಂದು ಮನೆ ಹುಡುಕಲಾ ಮೇಷ್ಟ್ರೇ?"

"ಅಚ್ಚಿನವನು ಬಾಗಿಲಲ್ಲಿ ನಿಂತಿದ್ದಾನೆ. ಬೇಗ ಹುಡುಕು."

ಅಮ್ಮನ ಒಂದೇ ಒಂದು ಫೋಟೋ ನಮ್ಮಲ್ಲಿತ್ತು. ಅದರಲ್ಲೂ ಕಣ್ಣು ಮುಚ್ಚಿಕೊಂಡಿದ್ದಳು. ಅವಳ ಬಟ್ಟೆಗಳನ್ನು ಯಾರು ಯಾರಿಗೋ ಕೊಟ್ಟಾಗಿತ್ತು. ಉಳಿದದ್ದು ಈ ಪದ. ಅದು ಅಚ್ಚಾದರೆ ಅವಳು ಆಡಿದ ಒಂದು ಮಾತಾದರೂ ನನ್ನ ನಂತರವೂ ಇರುತ್ತದೆ. ಇಲ್ಲವಾದರೆ ಬಿಸ್ಕತ್ತಿನ ಡಬ್ಬಿ. ನನಗೆ ಅದು ಅಷ್ಟು ಸರಳವಾಗಿತ್ತು, ಅಷ್ಟೇ ಮುಖ್ಯವೂ ಆಗಿತ್ತು.

ಮೊದಲು ಹೋದದ್ದು ಚಿಕ್ಕಮ್ಮನ ಹತ್ತಿರ. ಅಮ್ಮನ ತಂಗಿ, ಅದೇ ಸಾಲಿನಲ್ಲಿ ಹಣ್ಣು ಬಿಡಿಸಿದವಳು. ಅವಳ ಮಾತೂ ನಮ್ಮ ಮನೆಯ ಲೆಕ್ಕವೇ ಆದರೂ ಬೇರೆ ಯಾರಿದ್ದಾರೆಂದು ಅವಳಿಗಾದರೂ ಗೊತ್ತಿದ್ದೀತು. ಕಿಟಕಿಯ ಬಳಿ ಕೂತು ಕಾಲುಚೀಲ ಹೊಲಿಯುತ್ತಿದ್ದಳು. ನಾನು ಬಂದ ಕಾರಣ ಕೇಳಿ ಸೂಜಿಯನ್ನು ಬಾಯಲ್ಲಿ ಕಚ್ಚಿಕೊಂಡಳು.

"ಒಂದು ಮಾತು ಎಲ್ಲಿಂದ ಬಂತು ಅಂತ ನೋಡೋಕೆ ಸಂಬಳ ಕೊಡ್ತಾರಾ? ನಮಗೆ ಹೇಳಿದ್ರೆ ಬಿಟ್ಟಿ ಹೇಳ್ತಿದ್ವಲ್ಲೇ."

"ಹಾಗಾದ್ರೆ ಹೇಳು ಚಿಕ್ಕಮ್ಮ. ಮೇಷ್ಟ್ರು 'ಜಿನುಗು' ಇಂದ ಬಂದಿರಬಹುದು ಅಂತಾರೆ."

ಚಿಕ್ಕಮ್ಮ ಸೂಜಿ ತೆಗೆದಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಮುಗಿದ ಮೇಲೆ ಕಣ್ಣೊರೆಸಿಕೊಂಡು, ಎದ್ದು ಹೋಗಿ ಬೀದಿಬಾಗಿಲು ಹಾಕಿಕೊಂಡು ಬಂದಳು.

"ಚಿಣ್ಣಿ ಅಂತ ಒಬ್ಬಳಿದ್ದಳು ನಮ್ಮ ಸಾಲಲ್ಲಿ. ಬಾಗಿಲಲ್ಲಿ ತಲೆ ಬಗ್ಗಿಸಿ ಬರೋಳು, ಅಷ್ಟೆತ್ತರ. ಅದಕ್ಕೇ ತಮಾಷೆಗೆ ಚಿಣ್ಣಿ, ಪುಟ್ಟಿ ಅಂತ."

ಹೆಸರು ಕೇಳಿದ್ದೇ ನಾನು ಪೆನ್ನು ತೆಗೆದೆ.

"ಮೊದಲು ಪೂರ್ತಿ ಕೇಳು, ಆಮೇಲೆ ಬರಿ," ಎಂದಳು ಚಿಕ್ಕಮ್ಮ. "ಎರಡನೇ ಹೆರಿಗೆ ಆದ್ಮೇಲೆ ಜ್ವರ ಬಂದು ಅವಳ ಕಣ್ಣು ಮಂಜಾಯ್ತು. ಕೆಂಪು ಯಾವುದು, ಕಪ್ಪು ಯಾವುದು ತಿಳೀತಿರ್ಲಿಲ್ಲ. ಮುಟ್ಟಿ ಮುಟ್ಟಿ ನೋಡಿ ಬಿಡಿಸೋಳು. ಮುಟ್ಟೋಕೆ ಹೋದ್ರೆ ಮುಳ್ಳು. ಸಂಜೆ ತಕ್ಕಡಿಗೆ ಇಟ್ರೆ ಅರ್ಧ ಬುಟ್ಟಿ. ಬುಟ್ಟಿ ತುಂಬದೋರನ್ನ ಮನೆಗೆ ಕಳಿಸೋರು, ಗೊತ್ತಲ್ಲ. ಗಂಡ ಬಿಟ್ಟು ಹೋಗಿದ್ದ. ಯಾರಿಗೂ ಹೇಳ್ಕೊಳ್ಳೋಳಲ್ಲ. ಏನಾಯ್ತೇ ಅಂತ ಕೇಳಿದ್ರೆ, 'ಪೊದೆ ಸರಿಯಿಲ್ಲ' ಅನ್ನೋಳು. ಒಂದಿನ ನಿಮ್ಮಮ್ಮ ಜೇಬು ಸುರಿಯೋಕೆ ಹೋದವಳು ಚಿಣ್ಣಿ ಬುಟ್ಟೀಲಿ ಒಂದು ಹಿಡಿ ಹಾಕಿ ಬಂದ್ಳು. ನನಗೂ ಕಣ್ಸನ್ನೆ ಮಾಡಿದ್ಳು. ನಾನೂ ಹಾಕ್ದೆ. ಹಿಂದಿನವಳು ನೋಡಿದ್ಳು, ಅವಳೂ ಹಾಕಿದ್ಳು."

"ಚಿಣ್ಣಿಗೆ ಗೊತ್ತಾಗಲಿಲ್ವಾ?"

"ಕಣ್ಣು ಕಾಣದೋಳಿಗೆ ಹೇಗೆ ಗೊತ್ತಾಗುತ್ತೆ? ಅದೂ ಅಲ್ದೆ, ಬುಟ್ಟಿ ದಾರೀಲಿ, ಅವಳು ಪೊದೇಲಿ. 'ಚಿಣ್ಣಿಗೆ ಹಾಕಿದ್ಯಾ?' ಅಂತ ಅವಳೆದುರಿಗೆ ಕೇಳೋಕಾಗುತ್ತಾ? 'ಚಿಣ್ಣಿಸಿದ್ಯೇನೇ?' ಅಂತಿದ್ವಿ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗೀರು ಹಣ್ಣು ಬಿಡಿಸೋದಕ್ಕೇ ಹಾಗಂತಾರೆ ಅನ್ಕೊಂಡ್ರು. ಆಮೇಲೆ ನೋಡು, ಸೂಪರ್‌ವೈಸರ್ರೂ ಶುರು ಮಾಡಿದ! 'ಮಾತು ಸಾಕು, ಬೇಗ ಬೇಗ ಚಿಣ್ಣಿಸಿ' ಅಂತ ಕೂಗೋನು. ನಾವು ಪೊದೆಯೊಳಗೆ ಮುಖ ಮುಚ್ಕೊಂಡು ನಗೋದು. ಅವನ ಅಪ್ಪಣೆ ಮೀರಬಾರ್ದು ಅಂತ ಇನ್ನೊಂದೊಂದು ಹಿಡಿ ಜಾಸ್ತಿ ಹಾಕೋದು."

ನಾನೂ ನಗುತ್ತಿದ್ದೆ. ಚಿಕ್ಕಮ್ಮನ ಮುಖ ಮಾತ್ರ ಮೆತ್ತಗಾಯಿತು.

"ಅಲ್ಲೇ ನಾವು ಎಡವಿದ್ದು. ಎಲ್ಲರಿಗೂ ತಾನೊಬ್ಬಳು ಮರೆತ್ರೆ ಚಿಣ್ಣಿ ಬುಟ್ಟಿ ತುಂಬಲ್ಲ ಅಂತ ಭಯ. ಸಾಲು ಪೂರ್ತಿ ಹಾಕ್ತಾ ಹೋಯ್ತು. ಯಾರೂ ಕೂಡಿ ನೋಡಲಿಲ್ಲ. ಹಣ್ಣಿನ ಕಾಲ ಮುಗಿದ ದಿನ ಕಾರ್ಖಾನೆಯೋರು ಎಲ್ಲರನ್ನೂ ನಿಲ್ಸಿ, ಈ ವರ್ಷ ಎಲ್ಲರಿಗಿಂತ ಹೆಚ್ಚು ಹಣ್ಣು ಬಿಡಿಸಿದೋಳು ಅಂತ ಚಿಣ್ಣಿ ಹೆಸರು ಕರೆದ್ರು! ಒಂದು ಗೋಡೆ ಗಡಿಯಾರ ಬಹುಮಾನ. ನಾವೆಲ್ಲ ಬಾಯಿ ಬಿಟ್ಕೊಂಡು ನಿಂತಿದ್ವಿ. ಮೊದಲು ಚಪ್ಪಾಳೆ ಹೊಡೆದದ್ದು ನಿಮ್ಮಮ್ಮ."

"ಚಿಣ್ಣಿ?"

"ಅವಳು ಗಡಿಯಾರ ಎದೆಗೆ ಅಪ್ಕೊಂಡು ನಿಂತಿದ್ಳು. ಅವತ್ತಿಂದ ಅವಳ ನಡಿಗೆ ಬದಲಾಯ್ತು. ಅಲ್ಲೀವರೆಗೆ ಕುಗ್ಗಿ ಕುಗ್ಗಿ ನಡೀತಿದ್ದೋಳು, ಆಮೇಲೆ ಇದ್ದಷ್ಟೂ ಎತ್ತರ ನಡೆದ್ಳು. ಆ ಒಂದು ಧೈರ್ಯದ ಮೇಲೆ ಎರಡು ಮಕ್ಕಳನ್ನ ಸಾಕಿದ್ಳು." ಚಿಕ್ಕಮ್ಮ ಕಾಲುಚೀಲವನ್ನು ಮತ್ತೆ ಕೈಗೆತ್ತಿಕೊಂಡಳು. "ಈಗ ಬಸ್ಸಲ್ಲಿ ಹೋದ್ರೆ ಪಕ್ಕದ ಊರಲ್ಲಿ ಮಗಳ ಜೊತೆ ಇದ್ದಾಳೆ. ಹೋಗಿ ಕೇಳು. ಆದ್ರೆ ಬುಟ್ಟಿ ಸುದ್ದಿ ಅವಳ ಮುಂದೆ ಬಾಯಿ ಬಿಟ್ಟೆಯೋ, ನನ್ನ ಮನೆ ಮೆಟ್ಟಿಲು ಹತ್ತಬೇಡ."

ಮರುದಿನವೇ ಹೋದೆ.

ಟೈಲರ್ ಅಂಗಡಿಯೂ ಮನೆಯೂ ಒಂದೇ ಆಗಿದ್ದ ಜಾಗ ಅದು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ತೂಗುಹಾಕಿದ ಅರ್ಧ ಹೊಲಿದ ಅಂಗಿಗಳು, ನೆಲದ ಮೇಲೆ ಬಟ್ಟೆಯ ಚೂರುಗಳು. ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡಿದ್ದ ಮಗಳು ಬಾಗಿಲು ತೆರೆದಳು. ನನಗಿಂತ ತುಸು ಚಿಕ್ಕವಳಿರಬೇಕು. ಒಳಗೆ ಗೋಡೆಯ ಮೇಲೆ ಗಡಿಯಾರ ನಡೆಯುತ್ತಿತ್ತು. ಅದರ ಕೆಳಗೆ, ಬೆನ್ನು ನೆಟ್ಟಗೆ ಮಾಡಿಕೊಂಡು, ಕೂತಲ್ಲೇ ಎಲ್ಲರಿಗಿಂತ ಎತ್ತರ ಕಾಣುತ್ತಿದ್ದ ಮುದುಕಿ. ಕಣ್ಣು ಈಗ ಬೆಳಕು ಕತ್ತಲೆಯನ್ನಷ್ಟೇ ಗುರುತಿಸುತ್ತಿತ್ತು.

ಅಮ್ಮನ ಹೆಸರು ಹೇಳಿದೆ. ಎರಡೂ ಕೈ ಚಾಚಿ ನನ್ನ ಮುಖ ಸವರಿದರು.

"ಅಯ್ಯೋ, ಅವಳ ಮಗಳಾ? ಮೂಗು ಅವಳದ್ದೇ. ಕೂತ್ಕೋ ಮಗಳೇ, ಹೊಲಿಯೋ ಬಟ್ಟೆ ಇದ್ರೆ ಆಚೆ ತಳ್ಳಿ ಕೂತ್ಕೋ. ನಮ್ಮನೇಲಿ ಕುರ್ಚಿ ಮೇಲೆ ಮನುಷ್ಯರಿಗಿಂತ ಅಂಗಿಗಳೇ ಜಾಸ್ತಿ ಕೂರ್ತವೆ."

"ದೊಡ್ಡಮ್ಮ, ಹಣ್ಣು ಬಿಡಿಸೋಕೆ ನೀವೆಲ್ಲ ಏನಂತಿದ್ರಿ?"

"ಏನಂತಿದ್ವಿ? ಚಿಣ್ಣಿಸೋದು. ನನ್ನ ಮಕ್ಕಳೂ ಹಾಗೇ ಅಂತಿದ್ರು. ಮೊಮ್ಮಗಳು ಈಗಲೂ ಅಂತಾಳೆ."

ಎರಡನೆಯ ಮನೆ ಸಿಕ್ಕಿತ್ತು. ನನ್ನ ಎದೆ ಹಗುರಾಯಿತು. ಬರೆದುಕೊಂಡು, ಇದನ್ನು ನಿಘಂಟಿನಲ್ಲಿ ಅಚ್ಚು ಹಾಕುತ್ತೇವೆಂದು ಹೇಳಿದೆ. ನಿಘಂಟು ಎಂದರೇನೆಂದು ಅವರು ಕೇಳಲಿಲ್ಲ. ಬೇರೆಯೇ ಒಂದನ್ನು ಕೇಳಿದರು.

"ಮಾತು ಎಲ್ಲಿಂದ ಬಂತು ಅಂತಾನೂ ಹಾಕ್ತಾರಾ?"

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಂತಿತು.

"ಹಾಕ್ತಾರೆ ದೊಡ್ಡಮ್ಮ."

"ಹಾಗಾದ್ರೆ ಸರಿಯಾಗಿ ಬರ್ಕೋ. ಅದು ನನ್ನಿಂದ ಬಂದದ್ದು. ನನ್ನನ್ನ ಚಿಣ್ಣಿ ಅಂತ ಕರೀತಿದ್ರು. ನನ್ನ ಕೈ ಅಷ್ಟು ಚುರುಕು, ಅದಕ್ಕೇ ಹಣ್ಣು ಬಿಡಿಸೋದಕ್ಕೇ ನನ್ನ ಹೆಸರಿಟ್ಟುಬಿಟ್ರು. ಸುಳ್ಳು ಅನ್ಕೊಂಡ್ರೆ ಮೇಲೆ ನೋಡು, ಗಡಿಯಾರ." ತಲೆಯೆತ್ತದೆಯೇ ಬೆರಳು ಸರಿಯಾಗಿ ಗಡಿಯಾರದ ಕಡೆ ತೋರಿಸಿತು. "ನಿಮ್ಮಮ್ಮ ಒಳ್ಳೇ ಹೆಂಗಸು. ಆದ್ರೆ ಕೈ ಸ್ವಲ್ಪ ನಿಧಾನ. ಪಾಪ, ಅವಳ ಬುಟ್ಟೀಲಿ ಯಾವಾಗ್ಲೂ ಒಂದು ಹಿಡಿ ಕಮ್ಮಿ ಇರ್ತಿತ್ತು. ತಕ್ಕಡಿ ಹತ್ರ ಬೈಸ್ಕೊಳ್ಳೋಳು. ನಾನೇ ಹೇಳ್ತಿದ್ದೆ, 'ಬಿಡೇ, ಕಲೀತೀಯ' ಅಂತ."

ಅಮ್ಮ ತಕ್ಕಡಿಯ ಬಳಿ ಬೈಸಿಕೊಂಡಿದ್ದು ನನಗೆ ಗೊತ್ತಿರಲಿಲ್ಲ. ಚಿಕ್ಕಮ್ಮ ಅದೊಂದನ್ನು ಹೇಳಿರಲಿಲ್ಲ. ಅಮ್ಮ ಎಂದೂ ಹೇಳಿರಲಿಲ್ಲ. ಚಿಣ್ಣಿ ದೊಡ್ಡಮ್ಮ ನನ್ನ ಉತ್ತರಕ್ಕೆ ಕಿವಿಗೊಟ್ಟು ಕೂತಿದ್ದರು.

"ಹೌದು ದೊಡ್ಡಮ್ಮ," ಎಂದೆ. "ಅಮ್ಮ ಎಲ್ಲದರಲ್ಲೂ ನಿಧಾನವೇ."

"ಹೂಂ. ಪುಸ್ತಕ ಬಂದಾಗ ತಂದು ಓದಿ ಹೇಳ್ಬೇಕು ನೀನು. ಮರೀಬೇಡ."

ಬಸ್ ನಿಲ್ದಾಣದವರೆಗೆ ಮಗಳು ಜೊತೆಗೆ ಬಂದಳು. ಟೇಪನ್ನು ತೆಗೆಯಲು ಮರೆತಿದ್ದಳು. ದಾರಿಯುದ್ದಕ್ಕೂ ಅದನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಬಂದಳು. ದೂರದಲ್ಲಿ ಬಸ್ಸು ಕಂಡಿತು.

"ನಿಮಗೆ ಗೊತ್ತಲ್ವಾ?" ಕೊನೆಗೆ ಕೇಳಿದಳು.

"ನಿಮಗೂ ಗೊತ್ತಾ?"

"ಸ್ಕೂಲು ಬಿಟ್ಟ ಮೇಲೆ ಅಮ್ಮನ ಬುಟ್ಟಿ ಪಕ್ಕದಲ್ಲೇ ಕೂತಿರ್ತಿದ್ದೆ. ಒಬ್ಬೊಬ್ಬರೇ ಬಂದು ಹಾಕಿ ಹೋಗೋರು. ನಿಮ್ಮಮ್ಮ ನನ್ನ ನೋಡಿ ತುಟಿ ಮೇಲೆ ಬೆರಳಿಡೋರು. ನಾನೂ ಇಟ್ಕೊಂಡೆ. ಇಟ್ಟ ಬೆರಳು ಇವತ್ತಿಗೂ ತೆಗೆದಿಲ್ಲ." ಅವಳ ದನಿ ಸಣ್ಣದಾಯಿತು. "ನೋಡಿ, ಅಮ್ಮನ ಹತ್ರ ಬೇರೆ ಏನೂ ಇಲ್ಲ. ಮೈಕೈ ನೋವು ಜಾಸ್ತಿಯಾದ ದಿನವೂ ಗಡಿಯಾರ ಹೊಡೆಯೋದು ಕೇಳಿದ್ರೆ ಎದ್ದು ಕೂರ್ತಾರೆ. ಪುಸ್ತಕ ಬಂದ್ರೆ ಪೂರ್ತಿ ಓದಿಸ್ಕೊಳ್ತಾರೆ. ನಾನು ಬಿಟ್ಟು ಓದಿದ್ರೂ ಮೊಮ್ಮಗಳ ಹತ್ರ ಓದಿಸ್ತಾರೆ, ಪಕ್ಕದ ಮನೆಯವರ ಹತ್ರ ಓದಿಸ್ತಾರೆ. ಬೇಕಿದ್ರೆ ಆ ಪದಾನೇ ಬಿಟ್ಟುಬಿಡಿ."

ಬಸ್ಸು ಬಂತು. ನಾನು ಏನೂ ಮಾತು ಕೊಡಲಿಲ್ಲ. ಕೊಡಲು ನನ್ನದಾಗಿರಲಿಲ್ಲ ಅದು. ಕೊನೆಯ ತೀರ್ಮಾನ ಮೇಷ್ಟ್ರದು.

ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ಯೋಚಿಸಿದೆ. ಬಿಟ್ಟರೆ ಅಮ್ಮನ ಮಾತು ಹೋಗುತ್ತದೆ. ಹಾಕಿದರೆ ಅದರ ಜೊತೆಗೆ ಮೂಲವೂ ಬರಬೇಕು. ಮೂಲ ಬಂದರೆ ಆ ನೆಟ್ಟಗಿನ ಬೆನ್ನು ಏನಾದೀತು? ಅಮ್ಮ ಇದ್ದಿದ್ದರೆ ಏನು ಹೇಳುತ್ತಿದ್ದಳು ಎಂದು ಕೇಳಿಕೊಳ್ಳುವ ಅಗತ್ಯವೇ ಇರಲಿಲ್ಲ. ತನ್ನ ಬುಟ್ಟಿ ಕಡಿಮೆಯಾದರೂ ಬಾಯಿ ಬಿಡದೆ ಬೈಸಿಕೊಂಡವಳು, ಒಂದು ಪದಕ್ಕಾಗಿ ಬಾಯಿ ಬಿಟ್ಟಾಳೇ? ಆದರೆ ಆ ಪದವನ್ನು ನಾನು ಬಿಡಲಾರೆ. ಈಗಂತೂ ಬಿಡಲಾರೆ. ಅದರೊಳಗೆ ಅವಳ ಕೈ ಇತ್ತು.

ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸುವ ಹೊತ್ತಿಗೆ ಅವರು ಕನ್ನಡಕ ತೆಗೆದು ಒರೆಸುತ್ತಿದ್ದರು. ಕನ್ನಡಕದಲ್ಲಿ ಧೂಳೇನೂ ಇರಲಿಲ್ಲ.

"ಇಂಥ ಮೂಲ ನನ್ನ ಜನ್ಮದಲ್ಲಿ ಸಿಕ್ಕಿಲ್ಲಮ್ಮ," ಎಂದರು. "ಜಿನುಗಂತೆ! ನನ್ನ ತಲೆ." ಆಗಲೇ ಚೀಟಿ ತೆಗೆದುಕೊಂಡು ತಮ್ಮ ಸಣ್ಣ ಅಕ್ಷರದಲ್ಲಿ ಬರೆಯತೊಡಗಿದ್ದರು: 'ದೃಷ್ಟಿ ಮಂದವಾದ ಸಹೋದ್ಯೋಗಿಯ ಬುಟ್ಟಿಗೆ, ಆಕೆಗೆ ತಿಳಿಯದಂತೆ...'

"ಮೇಷ್ಟ್ರೇ, ಅಷ್ಟು ಬೇಡ."

"ಬೇಡ ಅಂದ್ರೆ? ಗೊತ್ತಿದ್ದೂ ಗೊತ್ತಿಲ್ಲ ಅಂತ ನಾನು ಬರೆಯೋದಿಲ್ಲ."

"ಗೊತ್ತಿಲ್ಲ ಅಂತ ಬರೆಯೋದು ಬೇಡ."

"ಸುಳ್ಳನ್ನಂತೂ ಬರೆಯೋದಿಲ್ಲ. ಕೈ ಚುರುಕು ಅಂತೆಲ್ಲ..."

"ಸುಳ್ಳೂ ಬೇಡ."

"ಮತ್ತಿನ್ನೇನು ಬರೀಲಿ? ಪದ ತೆಗೆದುಬಿಡಲಾ?"

"ತೆಗೆಯೋದೂ ಬೇಡ ಮೇಷ್ಟ್ರೇ."

"ಇದೊಳ್ಳೆ ಕಥೆಯಾಯ್ತಲ್ಲ," ಎಂದು ಅವರು ಪೆನ್ನು ಕೆಳಗಿಟ್ಟರು. ಸಿಟ್ಟು ಬಂದಾಗಲೂ ಅವರ ದನಿ ಏರುತ್ತಿರಲಿಲ್ಲ, ಕಿವಿಯ ತುದಿಗಳು ಮಾತ್ರ ಕೆಂಪಾಗುತ್ತಿದ್ದವು. "ಆ ಹೆಂಗಸರು ಮಾಡಿದ್ದು ನಾಲ್ಕು ಜನಕ್ಕೆ ತಿಳೀಬಾರದಾ? ನಿಮ್ಮಮ್ಮ ಮಾಡಿದ್ದು?"

"ಅವರು ಮಾಡಿದ್ದೇ ತಿಳಿಯಬಾರದು ಅಂತ ಮೇಷ್ಟ್ರೇ. ತಿಳಿಸಿದರೆ ಇಷ್ಟು ವರ್ಷ ಹಾಕಿದ ಹಣ್ಣನ್ನೆಲ್ಲ ನಾವು ವಾಪಸ್ಸು ತೆಗೆದುಕೊಂಡ ಹಾಗೆ."

ಕೆಳಗೆ ಪಂಪು ಉಸ್ಸೆಂದಿತು. ಯಾರೋ ಟಯರಿಗೆ ಗಾಳಿ ಹಾಕಿಸಿಕೊಂಡು ಹೋದರು.

"ನಾವು ಎಷ್ಟೋ ಪದಕ್ಕೆ ಗೊತ್ತಿರೋದನ್ನೆಲ್ಲ ಬರೆಯಲ್ಲ," ಎಂದೆ ನಾನು. "ಜಾಗ ಸಾಲಲ್ಲ ಅಂತ ಒಂದು ಕಡೆ ನಿಲ್ಲಿಸ್ತೀವಿ. ಇಲ್ಲೂ ಒಂದು ಕಡೆ ನಿಲ್ಲಿಸೋಣ. ನಿಲ್ಲಿಸುವವರೆಗೆ ಇರೋದೆಲ್ಲ ನಿಜವಾಗಿರಲಿ."

ಅವರು ಬರೆದದ್ದರ ಮೇಲೆ ಅಡ್ಡಗೆರೆ ಎಳೆದರು. ಹೊಸ ಚೀಟಿ ತೆಗೆದುಕೊಂಡರು. ಬರೆದರು, ಹೊಡೆದು ಹಾಕಿದರು, ಮತ್ತೊಂದು ತೆಗೆದುಕೊಂಡರು. ಚೀಟಿ ಹಾಳು ಮಾಡಿದರೆ ನಮ್ಮನ್ನೆಲ್ಲ ಗದರುತ್ತಿದ್ದ ಮನುಷ್ಯ. ಕೊನೆಗೆ ಒಂದನ್ನು ನನ್ನ ಕಡೆ ತಳ್ಳಿ, ಕಿಟಕಿಯ ಹತ್ತಿರ ಹೋಗಿ ಬೆನ್ನು ಮಾಡಿ ನಿಂತರು. ನಾನು ಓದಿಕೊಂಡೆ. ಮೂಲದ ಮಾತಿರಲಿ, ಅರ್ಥವನ್ನೂ ತಿದ್ದಿದ್ದರು. ನಾನು ಬರೆದಿದ್ದ 'ಪೊದೆಯ ಹಣ್ಣನ್ನು ಬಿಡಿಸು' ಎಂಬುದಕ್ಕೆ ಇನ್ನಷ್ಟು ಸೇರಿಸಿದ್ದರು. ಅದರಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ.

"ಆಗಬಹುದಾ?" ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಕೇಳಿದರು.

"ಆಗುತ್ತೆ ಮೇಷ್ಟ್ರೇ."

ಚಿಣ್ಣಿ ದೊಡ್ಡಮ್ಮ ಈಗಿಲ್ಲ. ಮೇಷ್ಟ್ರೂ ಇಲ್ಲ, ಚಿಕ್ಕಮ್ಮನೂ ಇಲ್ಲ. ದೊಡ್ಡಮ್ಮನ ಮಗಳನ್ನು ಕೇಳಿ, ಅವಳು "ಇನ್ನು ಬರೀಬಹುದು ಅಕ್ಕ" ಎಂದ ಮೇಲೇ ಇದನ್ನೆಲ್ಲ ಬರೆಯುತ್ತಿದ್ದೇನೆ. ಆದರೆ 'ಚ' ಸಂಪುಟ ಬಂದ ದಿನ ಅವರೆಲ್ಲರೂ ಇದ್ದರು. ಮೇಷ್ಟ್ರು ಮೊದಲ ಪ್ರತಿಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, "ಬೈಂಡಿಂಗ್ ಇನ್ನೂ ಹಸಿ, ಮಡಿಲಲ್ಲಿ ಇಟ್ಟುಕೊಂಡು ಹೋಗು" ಎಂದು ನನ್ನ ರಜೆಯನ್ನೂ ತಾವೇ ಬರೆದುಕೊಂಡರು.

ದೊಡ್ಡಮ್ಮ ಹೊಸ ಬಟ್ಟೆ ಹಾಕಿಕೊಂಡು ಕಾಯುತ್ತಿದ್ದರು. ಪುಸ್ತಕವನ್ನು ಮೊದಲು ಕೈಗೆ ತೆಗೆದುಕೊಂಡು ತೂಗಿ ನೋಡಿದರು.

"ಇಷ್ಟು ಭಾರವಾ! ಇದರಲ್ಲಿ ನಾನೆಲ್ಲಿದ್ದೀನಿ?"

ಪುಟ ತೆರೆದು ಅವರ ಬೆರಳನ್ನು ಹಿಡಿದು ಆ ಸಾಲಿನ ಮೇಲಿಟ್ಟೆ. ಮುಂದಿನ ಕೋಣೆಯಲ್ಲಿ ಯಂತ್ರದ ಸದ್ದಿರಲಿಲ್ಲ. ಮಗಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಕೈ ಒದ್ದೆಯಾಗಿತ್ತು, ಒರೆಸಿಕೊಂಡಿರಲಿಲ್ಲ. ಅವಳ ಕಣ್ಣುಗಳು ನನ್ನ ಬಾಯನ್ನೇ ನೋಡುತ್ತಿದ್ದವು.

ನಾನು ಒಂದಕ್ಷರವನ್ನೂ ಬಿಡದೆ ಓದಿದೆ.

"ಚಿಣ್ಣಿಸು. ಹಲವರು ಜೊತೆಗೂಡಿ ಪೊದೆಯ ಹಣ್ಣು ಬಿಡಿಸಿ ಬುಟ್ಟಿ ತುಂಬು. ಮೂಲ: ಹಣ್ಣು ಬಿಡಿಸುವವರ ಸಾಲಿನಲ್ಲಿದ್ದ, ಜೊತೆಯವರು ತುಂಬ ಇಷ್ಟಪಡುತ್ತಿದ್ದ ಒಬ್ಬ ಹೆಂಗಸಿನ ಅಡ್ಡಹೆಸರಿನಿಂದ."

ದೊಡ್ಡಮ್ಮ ಅಲ್ಲಾಡಲಿಲ್ಲ. "ಇನ್ನೊಂದ್ಸಲ," ಎಂದರು. ಓದಿದೆ. "ಇಷ್ಟಪಡುತ್ತಿದ್ದ ಅಂತಾನೂ ಹಾಕಿದ್ದಾರಾ?"

"ಹಾಕಿದ್ದಾರೆ ದೊಡ್ಡಮ್ಮ."

"ಕೈ ಚುರುಕು ಅಂತ ಹಾಕಿಲ್ಲ."

"ಜಾಗ ಸಾಲಲಿಲ್ಲವಂತೆ."

"ಹೋಗ್ಲಿ ಬಿಡು. ಗಡಿಯಾರ ಇದೆಯಲ್ಲ, ಅದು ಹೇಳುತ್ತೆ." ಬೆರಳಿನಿಂದ ಸಾಲನ್ನು ನಿಧಾನವಾಗಿ ಸವರಿದರು, ಅಚ್ಚಿನ ಅಕ್ಷರ ಕೈಗೆ ತಾಗೀತೆಂದು ಹುಡುಕುತ್ತಿದ್ದ ಹಾಗೆ. ಆಮೇಲೆ ಕೆನ್ನೆ ಉಬ್ಬುವಷ್ಟು ನಕ್ಕರು. "ಎಷ್ಟು ಇಷ್ಟಪಡ್ತಿದ್ರು ಗೊತ್ತಾ ಮಗಳೇ? ಒಂದಿನ ನಾನು ಹೋಗದಿದ್ರೆ ಸಾಲಿನೋರೆಲ್ಲ ಮನೆಗೇ ಬಂದುಬಿಡೋರು. ಸರಿ, ಮುಂದೆ ಓದು. ಮುಂದೆ ಏನಿದೆ?"

"ಮುಂದೆ ಬೇರೆ ಪದ ದೊಡ್ಡಮ್ಮ."

"ಅದನ್ನೂ ಓದು. ನನ್ನ ಪಕ್ಕದ ಮನೆಯೋರು ಯಾರು ಅಂತ ಗೊತ್ತಾಗ್ಬೇಕಲ್ಲ."

ಓದುತ್ತ ಹೋದೆ. ಬಾಗಿಲಲ್ಲಿ ಮಗಳು ಇರಲಿಲ್ಲ. ಒಳಗೆ ಪಾತ್ರೆಯ ಮುಚ್ಚಳ ತೆಗೆದ ಸದ್ದು, ನೀರು ಬಿಟ್ಟ ಸದ್ದು. ಹೊರಗೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು, ಮುಖ ತೊಳೆದುಕೊಂಡಿದ್ದಳು. ಕುರ್ಚಿಯ ಮೇಲಿನ ಅಂಗಿಗಳನ್ನು ಎತ್ತಿ ಆಚೆಗಿಟ್ಟು, ನನ್ನ ಮಡಿಲಿನಿಂದ ಪುಸ್ತಕವನ್ನು ಮೆಲ್ಲಗೆ ತೆಗೆದುಕೊಂಡು, ಬಿಸಿ ಊಟದ ತಟ್ಟೆಯನ್ನು ನನ್ನ ಕೈಗಿತ್ತಳು.